ತಲೆಗೆ ಪೆಟ್ಟಾಗಿ ವರ್ಷವಾಯಿತು, ಸ್ಕ್ಯಾನ್ ನಾರ್ಮಲ್, ಸುಸ್ತು ಮಾತ್ರ ಹೋಗಿಲ್ಲ: ಹಾರ್ಮೋನ್ ಪರೀಕ್ಷೆ ಯಾರಿಗೆ ಬೇಕು?

ತಲೆಪೆಟ್ಟಿನ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಮಾತುಗಳು ಸಾಮಾನ್ಯವಾಗಿ ಎರಡು ಬಗೆ. ಒಂದು: "ಸ್ಕ್ಯಾನ್ ನಾರ್ಮಲ್ ಬಂದರೆ ಮುಗೀತು, ಆಮೇಲಿನ ಸುಸ್ತು, ಸಿಟ್ಟು ಎಲ್ಲ ಮನಸ್ಸಿನ ಕಲ್ಪನೆ." ಇನ್ನೊಂದು: "ತಲೆಗೆ ಪೆಟ್ಟು ಬಿದ್ದ ಪ್ರತಿಯೊಬ್ಬರಿಗೂ ಹಾರ್ಮೋನ್ ಹಾಳಾಗುತ್ತದೆ, ಕೂಡಲೇ ಈ ಇಂಜೆಕ್ಷನ್ ತಗೊಳ್ಳಿ, ಈ ಪುಡಿ ತಿನ್ನಿ." ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ವಾಸಿಯಾಗಬಹುದಾದ ತೊಂದರೆಯನ್ನು ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ. ಎರಡನೆಯದನ್ನು ನಂಬಿದವರು ಇಲ್ಲದ ಕಾಯಿಲೆಗೆ ಹಣ ಸುರಿದು ಇರುವ ಆರೋಗ್ಯವನ್ನೂ ಕೆಡಿಸಿಕೊಳ್ಳುತ್ತಾರೆ.

ಚಿಕ್ಕ ಉತ್ತರ ಇಷ್ಟು: ತಲೆಗೆ ಜೋರಾದ ಪೆಟ್ಟು ಬಿದ್ದವರಲ್ಲಿ, ಹತ್ತಿರದಲ್ಲೇ ಬಾಂಬು ಸಿಡಿದ ಅನುಭವವಿರುವ ಸೈನಿಕರಲ್ಲಿ, ಒಂದಷ್ಟು ಮಂದಿಗೆ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಮೊದಲಿನಂತೆ ಕೆಲಸ ಮಾಡುವುದಿಲ್ಲ. ಇದನ್ನು ಸ್ಕ್ಯಾನ್ ತೋರಿಸಬೇಕೆಂದಿಲ್ಲ. ಬೆಳಗ್ಗೆ 8 ಗಂಟೆಯ ಹೊತ್ತಿಗೆ ತೆಗೆದ ರಕ್ತದ ಪರೀಕ್ಷೆ ಸುಳಿವು ಕೊಡುತ್ತದೆ. ಈ ಪರೀಕ್ಷೆ ಎಲ್ಲರಿಗೂ ಬೇಡ. ಆದರೆ ಬೇಕಾದವರಿಗೆ ತಪ್ಪಿಹೋಗಬಾರದು.

ಒಂದು ಮನೆಯ ಚಿತ್ರ

ಇದು ಯಾರೋ ಒಬ್ಬರ ಕಥೆಯಲ್ಲ, ವೈದ್ಯರ ಕೋಣೆಗೆ ಮತ್ತೆ ಮತ್ತೆ ಬರುವ ಚಿತ್ರ. ಔರಾದ್ ತಾಲ್ಲೂಕಿನ ಒಬ್ಬ ನಿವೃತ್ತ ಹವಾಲ್ದಾರ್ ಎಂದುಕೊಳ್ಳಿ, ವಯಸ್ಸು ನಲವತ್ತರ ಆಸುಪಾಸು. ಸೇವೆಯಲ್ಲಿದ್ದಾಗ ಗಾಡಿಯ ಪಕ್ಕದಲ್ಲೇ ಸ್ಫೋಟವಾಯಿತು. ಮೈಮೇಲೆ ದೊಡ್ಡ ಗಾಯವಿರಲಿಲ್ಲ, ಕೆಲವು ನಿಮಿಷ ಎಚ್ಚರ ತಪ್ಪಿತ್ತು, ಕಿವಿ ಕೆಲವು ದಿನ ಗುಂಯ್ ಅನ್ನುತ್ತಿತ್ತು. ಸ್ಕ್ಯಾನ್ ಮಾಡಿಸಿ ಏನೂ ಇಲ್ಲ ಎಂದರು. ಈಗ ಊರಿಗೆ ಬಂದಿದ್ದಾರೆ. ಬೆಳಗ್ಗೆ ಎದ್ದಾಗಲೇ ದಣಿವು. ಹೊಟ್ಟೆ ಬಂದಿದೆ, ತೋಳು ಸೊರಗಿವೆ. ಗಡ್ಡ ತೆಗೆಯುವ ಅಗತ್ಯವೇ ಕಡಿಮೆಯಾಗಿದೆ. ಚಳಿ ತಡೆಯುವುದಿಲ್ಲ. ಮಕ್ಕಳ ಮೇಲೆ ಸುಮ್ಮನೆ ರೇಗುತ್ತಾರೆ, ಹೇಳಿದ್ದು ಮರೆಯುತ್ತಾರೆ, ಹೆಂಡತಿಯ ಹತ್ತಿರ ಹೋಗುವ ಆಸೆಯೇ ಉಳಿದಿಲ್ಲ. ಮನೆಯಾಕೆ ಡಾಕ್ಟರ ಮುಂದೆ ಹೇಳುವುದು ಒಂದೇ ಮಾತು: "ಇವ್ರು ಮೊದ್ಲಿನಂಗ ಇಲ್ರಿ ಸಾಹೇಬ್ರ."

ಊರಲ್ಲಿ ಇದಕ್ಕೆ ಹಲವು ಹೆಸರು. ರಿಟೈರ್ ಆದ ಮೇಲೆ ಸೋಮಾರಿಯಾದ ಅನ್ನುವವರು ಇದ್ದಾರೆ, ಕುಡಿತ ಅನ್ನುವವರು ಇದ್ದಾರೆ, ಯಾರೋ ಮಾಟ ಮಾಡಿಸಿದ್ದಾರೆ ಅನ್ನುವವರೂ ಇದ್ದಾರೆ. ಪಟ್ಟಣದ ಡಾಕ್ಟರು ಖಿನ್ನತೆ ಎನ್ನಬಹುದು, ಯುದ್ಧದ ಆಘಾತ ಮನಸ್ಸಿನಲ್ಲಿ ಉಳಿದಿದೆ ಎನ್ನಬಹುದು. ಈ ಕೊನೆಯ ಎರಡು ನಿಜವೂ ಆಗಿರಬಹುದು. ಕಷ್ಟ ಇರುವುದು ಇಲ್ಲೇ. ಖಿನ್ನತೆ, ಆಘಾತದ ನಂತರದ ಮಾನಸಿಕ ತೊಂದರೆ, ತಲೆಪೆಟ್ಟಿನ ನೇರ ಪರಿಣಾಮ, ಪಿಟ್ಯುಟರಿ ಕೊರತೆ, ಈ ನಾಲ್ಕರ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ. ಮುಖ ನೋಡಿ ಹೇಳಲು ಬರುವುದಿಲ್ಲ. ಒಬ್ಬರಲ್ಲೇ ಎರಡು ಮೂರು ಸೇರಿಕೊಂಡಿರುವುದೂ ಉಂಟು.

ಕಡಲೆ ಕಾಳಿನಷ್ಟು ಗ್ರಂಥಿ

ಪಿಟ್ಯುಟರಿ ಹೆಚ್ಚೆಂದರೆ ಒಂದು ಕಡಲೆ ಕಾಳಿನಷ್ಟು ದೊಡ್ಡದು, ತೂಕ ಸುಮಾರು ಅರ್ಧ ಗ್ರಾಂ. ಮೂಗಿನ ಹಿಂದೆ, ತಲೆಬುರುಡೆಯ ತಳದಲ್ಲಿ, ಕುದುರೆಯ ಜೀನಿನ ಆಕಾರದ ಒಂದು ಎಲುಬಿನ ಗುಂಡಿಯಲ್ಲಿ ಕೂತಿರುತ್ತದೆ. ಮೇಲಿರುವ ಹೈಪೋಥಲಾಮಸ್ ಎಂಬ ಮೆದುಳಿನ ಭಾಗಕ್ಕೆ ಸಣ್ಣ ತೊಟ್ಟಿನಿಂದ ಜೋತುಬಿದ್ದಿರುತ್ತದೆ. ಹಣ್ಣು ಕೊಂಬೆಗೆ ಜೋತಾಡುವಂತೆ. ಥೈರಾಯ್ಡ್, ಮೂತ್ರಪಿಂಡದ ಮೇಲಿರುವ ಅಡ್ರಿನಲ್, ಗಂಡಸರ ವೃಷಣ, ಹೆಂಗಸರ ಅಂಡಾಶಯ, ಇವೆಲ್ಲ ಕೆಲಸ ಮಾಡುವುದು ಈ ಪುಟ್ಟ ಗ್ರಂಥಿ ಕಳಿಸುವ ಆದೇಶದ ಮೇಲೆ.

ಗುಂಡಿಯೊಳಗೆ ಭದ್ರವಾಗಿದೆ ಎಂದು ಕಂಡರೂ ಅದರ ದೌರ್ಬಲ್ಯ ಆ ತೊಟ್ಟಿನಲ್ಲಿದೆ. ಗ್ರಂಥಿಯ ಮುಂಭಾಗಕ್ಕೆ ರಕ್ತ ಬರುವುದು ಬಹುಪಾಲು ತೊಟ್ಟಿನ ಉದ್ದಕ್ಕೂ ಇಳಿಯುವ ಸೂಕ್ಷ್ಮ ರಕ್ತನಾಳಗಳಿಂದ. ಬೈಕಿನಿಂದ ಬಿದ್ದಾಗ ಅಥವಾ ಸ್ಫೋಟದ ಒತ್ತಡದ ಅಲೆ ಬಡಿದಾಗ ಮೆದುಳು ಬುರುಡೆಯೊಳಗೆ ಜೋರಾಗಿ ಅಲುಗುತ್ತದೆ. ತೊಟ್ಟು ಎಳೆದಂತಾಗುತ್ತದೆ, ನಾಳಗಳು ಹರಿಯಬಹುದು, ಊತದಿಂದ ಒತ್ತಬಹುದು. ಪೆಟ್ಟಾದ ಹೊತ್ತಿನಲ್ಲಿ ರಕ್ತದೊತ್ತಡ ತೀರಾ ಕುಸಿದರೆ, ಆಮ್ಲಜನಕ ಸಾಲದಾದರೆ, ಗ್ರಂಥಿಯ ಒಂದು ಭಾಗ ಸತ್ತೇಹೋಗಬಹುದು. ಬೆಳವಣಿಗೆ ಹಾರ್ಮೋನ್ ತಯಾರಿಸುವ ಕೋಶಗಳು ಹೆಚ್ಚಾಗಿ ಗ್ರಂಥಿಯ ಅಂಚಿನಲ್ಲಿ, ತೊಟ್ಟಿನ ನಾಳಗಳನ್ನೇ ನೆಚ್ಚಿಕೊಂಡಿವೆ. ತಲೆಪೆಟ್ಟಿನ ನಂತರ ಮೊದಲು ಕೈಕೊಡುವುದು ಸಾಮಾನ್ಯವಾಗಿ ಬೆಳವಣಿಗೆ ಹಾರ್ಮೋನ್ ಮತ್ತು ಲೈಂಗಿಕ ಹಾರ್ಮೋನುಗಳ ಆದೇಶ. ಬೆಳವಣಿಗೆ ಮುಗಿದ ವಯಸ್ಕರಿಗೆ ಬೆಳವಣಿಗೆ ಹಾರ್ಮೋನ್ ಯಾಕೆ ಎಂದು ಕೇಳುವವರಿದ್ದಾರೆ. ಸ್ನಾಯು ಉಳಿಸಿಕೊಳ್ಳಲು, ಹೊಟ್ಟೆಯ ಕೊಬ್ಬು ಹತೋಟಿಯಲ್ಲಿಡಲು, ದಿನವಿಡೀ ಚೈತನ್ಯಕ್ಕೆ ಅದು ವಯಸ್ಕರಿಗೂ ಬೇಕು.

ಈ ಗ್ರಂಥಿ ಕೈಕೊಡುವುದು ನಮ್ಮ ಕಡೆ ಹೊಸ ಸಂಗತಿಯೇನಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ತಾಯಿಗೆ ಎದೆಹಾಲೇ ಬರದೆ, ಮುಟ್ಟು ಮತ್ತೆ ಶುರುವಾಗದೆ, ವರ್ಷಗಟ್ಟಲೆ ನಿಶ್ಶಕ್ತಿಯಲ್ಲಿ ನರಳುವುದಕ್ಕೆ ಶೀಹಾನ್ ಸಿಂಡ್ರೋಮ್ ಎನ್ನುತ್ತಾರೆ. ಅಲ್ಲೂ ಪೆಟ್ಟು ಬೀಳುವುದು ಪಿಟ್ಯುಟರಿಗೇ. ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಬದುಕುಳಿದವರಲ್ಲೂ ಕೆಲವರಿಗೆ ಇದೇ ಆಗುತ್ತದೆ. ಭಾರತದ ವೈದ್ಯರು ಇದನ್ನು ಹಲವು ಸಲ ವರದಿ ಮಾಡಿದ್ದಾರೆ. ತಲೆಪೆಟ್ಟು ಈ ಸಾಲಿನಲ್ಲಿ ಮೂರನೆಯದು, ಮತ್ತು ಯಾರೂ ಅಷ್ಟಾಗಿ ಯೋಚಿಸದ್ದು.

ಎಷ್ಟು ಜನರಿಗೆ ಆಗುತ್ತದೆ?

ತಲೆಪೆಟ್ಟಿನಿಂದ ಪಿಟ್ಯುಟರಿ ಕೆಟ್ಟ ಮೊದಲ ವರದಿ 1918ರದ್ದು, ಜರ್ಮನಿಯದ್ದು. ಆಮೇಲೆ ಬಹುಕಾಲ ಇದನ್ನು ಅಪರೂಪ ಎಂದೇ ತಿಳಿದಿದ್ದರು. 2007ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ ಬಂತು. ತಲೆಪೆಟ್ಟಾಗಿ ತಿಂಗಳುಗಳು ಕಳೆದವರಲ್ಲಿ ಶೇ. 27.5ರಷ್ಟು ಮಂದಿಗೆ ಕನಿಷ್ಠ ಒಂದು ಹಾರ್ಮೋನಿನ ಕೊರತೆ ಕಂಡಿತ್ತು. ಫಾರ್ವರ್ಡುಗಳಲ್ಲಿ "ನಾಲ್ವರಲ್ಲಿ ಒಬ್ಬರಿಗೆ" ಎಂದು ಬರುವ ಮಾತಿನ ಮೂಲ ಇಂಥ ಲೆಕ್ಕವೇ.

ಆದರೆ ಈ ಸಂಖ್ಯೆಯನ್ನು ನಿಮ್ಮ ಮನೆಯ ಹುಡುಗ ಬೈಕಿನಿಂದ ಬಿದ್ದು ತಲೆಗೆ ಬುಗುಟು ಬಂದದ್ದಕ್ಕೆ ಅಂಟಿಸಬೇಡಿ. ಆ ಅಧ್ಯಯನಗಳಲ್ಲಿ ಹೆಚ್ಚಿನವರು ಆಸ್ಪತ್ರೆಗೆ ದಾಖಲಾದವರು, ಹಲವರು ತೀವ್ರ ಪೆಟ್ಟಿನವರು. ಯಾವ ಪರೀಕ್ಷೆ ಬಳಸಿದರು, ಯಾವ ಗೆರೆಗಿಂತ ಕೆಳಗಿದ್ದರೆ ಕೊರತೆ ಎಂದರು ಎಂಬುದರ ಮೇಲೆ ಸಂಖ್ಯೆ ವಿಪರೀತ ಏರಿಳಿಯುತ್ತದೆ. ಕಟ್ಟುನಿಟ್ಟಾಗಿ ಎರಡೆರಡು ಸಲ ಪರೀಕ್ಷಿಸಿದ ಕಡೆ ಅದು ಬಹಳ ಕೆಳಗೆ ಬಂದದ್ದೂ ಇದೆ.

ಸೈನಿಕರ ವಿಷಯದಲ್ಲಿ ಎರಡು ಸಣ್ಣ ಅಧ್ಯಯನಗಳು ಹೆಚ್ಚು ಮಾತಿಗೆ ಬಂದವು. 2012ರಲ್ಲಿ ಅಮೆರಿಕದಲ್ಲಿ, ಸ್ಫೋಟದಿಂದ ಸೌಮ್ಯ ತಲೆಪೆಟ್ಟಾದ 26 ಮಾಜಿ ಸೈನಿಕರ ರಕ್ತ ಪರೀಕ್ಷಿಸಿದಾಗ 11 ಮಂದಿಯ ಹಾರ್ಮೋನ್ ಮಟ್ಟ ಸರಿ ಇರಲಿಲ್ಲ. 2013ರಲ್ಲಿ ಬ್ರಿಟನ್ನಿನ ಅಧ್ಯಯನ ಒಂದು ಹೆಜ್ಜೆ ಮುಂದೆ ಹೋಯಿತು. ಸ್ಫೋಟದ ಪೆಟ್ಟಿನ 19 ಸೈನಿಕರಲ್ಲಿ 6 ಮಂದಿಗೆ ಪಿಟ್ಯುಟರಿ ತೊಂದರೆ ಸಿಕ್ಕಿತು. ಬೇರೆ ಕಾರಣದಿಂದ ತಲೆಪೆಟ್ಟಾದ 39 ಮಂದಿಯಲ್ಲಿ ಸಿಕ್ಕಿದ್ದು ಒಬ್ಬರಿಗೆ. ಸ್ಫೋಟದ ಅಲೆಯಲ್ಲಿ ಏನೋ ವಿಶೇಷ ಅಪಾಯವಿದೆ ಎಂಬ ಅನುಮಾನ ಗಟ್ಟಿಯಾದದ್ದು ಹೀಗೆ. ಆದರೆ 19 ಜನ ಎಂದರೆ ಬಹಳ ಕಡಿಮೆ ಜನ, ಅದನ್ನು ಮರೆಯುವಂತಿಲ್ಲ. ಭಾರತೀಯ ಸೇನೆಯ ವೈದ್ಯರೂ ತಲೆಪೆಟ್ಟಿನ ರೋಗಿಗಳಲ್ಲಿ ಈ ತೊಂದರೆಯನ್ನು ಅಧ್ಯಯನ ಮಾಡಿದ್ದಾರೆ. ಟರ್ಕಿಯ ವೈದ್ಯರು ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಪಟುಗಳಲ್ಲೂ ಕಂಡಿದ್ದಾರೆ. ಅಂದರೆ ಒಂದೇ ದೊಡ್ಡ ಪೆಟ್ಟು ಬೇಕೆಂದಿಲ್ಲ, ಸಣ್ಣ ಪೆಟ್ಟುಗಳು ಮತ್ತೆ ಮತ್ತೆ ಬಿದ್ದರೂ ಸಾಕು.

ಬೀದರ್ ಎಂದೊಡನೆ ಹೊರಗಿನವರಿಗೆ ವಾಯುಪಡೆಯ ತರಬೇತಿ ಕೇಂದ್ರ ನೆನಪಾಗುತ್ತದೆ. ಆದರೆ ಇಲ್ಲಿ ನಾವು ಮಾತಾಡುತ್ತಿರುವುದು ಭಾಲ್ಕಿ, ಔರಾದ್ ಹಳ್ಳಿಗಳಿಂದ ಸೇನೆಗೆ, ಬಿಎಸ್‌ಎಫ್, ಸಿಆರ್‌ಪಿಎಫ್‌ಗೆ ಹೋಗಿ, ಪಿಂಚಣಿ ಹಿಡಿದು ಊರಿಗೆ ಮರಳಿದವರ ಬಗ್ಗೆ. ಅವರಲ್ಲೂ ಎಲ್ಲರ ಪೆಟ್ಟು ಗಡಿಯಲ್ಲಿ ಆದದ್ದಲ್ಲ. ರಜೆಯಲ್ಲಿ ಬಂದಾಗ ಬೈಕಿನಿಂದ ಬಿದ್ದವರು, ತರಬೇತಿಯಲ್ಲಿ ಬಿದ್ದವರು ಸಾಕಷ್ಟು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ 2002ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದ ತಲೆಪೆಟ್ಟುಗಳಲ್ಲಿ ಸುಮಾರು ಶೇ. 60 ರಸ್ತೆ ಅಪಘಾತದಿಂದ, ಶೇ. 20ರಿಂದ 25 ಬೀಳುವುದರಿಂದ, ಶೇ. 10 ಹೊಡೆದಾಟದಿಂದ. ಆದ್ದರಿಂದ ಕೆಳಗಿನದೆಲ್ಲ ಸೈನಿಕರಿಗೆ ಮಾತ್ರವಲ್ಲ, ಬೀದರ್-ಭಾಲ್ಕಿ ರಸ್ತೆಯಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದ ನಿಮ್ಮ ತಮ್ಮನಿಗೂ ಅನ್ವಯ.

ಯಾರು ಪರೀಕ್ಷೆ ಮಾಡಿಸಬೇಕು, ಯಾವಾಗ?

ಪೆಟ್ಟಾದ ಮೊದಲ ವಾರಗಳಲ್ಲಿ ಹಾರ್ಮೋನುಗಳು ಅಸ್ತವ್ಯಸ್ತವಾಗುವುದು ಸಹಜ. ಹಲವರಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ. ಹಾಗಾಗಿ ಆಸ್ಪತ್ರೆಯಲ್ಲಿ ಮಲಗಿರುವಾಗಲೇ ಬೆಳವಣಿಗೆ ಹಾರ್ಮೋನ್, ಟೆಸ್ಟೊಸ್ಟೆರಾನ್ ಪರೀಕ್ಷೆ ಮಾಡಿಸಿ ಎಂದು ಡಾಕ್ಟರನ್ನು ಕಾಡಬೇಡಿ. ಆಗ ನೋಡಬೇಕಾದದ್ದು ಎರಡು ಮಾತ್ರ, ಅವನ್ನು ವೈದ್ಯರೇ ನೋಡುತ್ತಾರೆ: ಜೀವ ಉಳಿಸುವ ಕಾರ್ಟಿಸೋಲ್, ಮತ್ತು ದೇಹದ ನೀರಿನ ಹತೋಟಿ.

ನೀರಿನ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಇಲ್ಲಿ ಮನೆಯವರು ಮೋಸಹೋಗುತ್ತಾರೆ. ಪಿಟ್ಯುಟರಿಯ ಹಿಂಭಾಗದಿಂದ ಬರುವ ಒಂದು ಹಾರ್ಮೋನ್ ಮೂತ್ರವನ್ನು ಹಿಡಿದಿಡುತ್ತದೆ. ಅದು ಕಡಿಮೆಯಾದರೆ ರೋಗಿ ಕೊಡಗಟ್ಟಲೆ ನೀರು ಕುಡಿಯುತ್ತಾನೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುತ್ತಾನೆ. ಮನೆಯವರು ಶುಗರ್ ಬಂತು ಎಂದು ಪರೀಕ್ಷೆ ಮಾಡಿಸುತ್ತಾರೆ, ಶುಗರ್ ನಾರ್ಮಲ್ ಬರುತ್ತದೆ, ಅಲ್ಲಿಗೆ ಬಿಟ್ಟುಬಿಡುತ್ತಾರೆ. ಇದಕ್ಕೆ ಡಯಾಬಿಟಿಸ್ ಇನ್ಸಿಪಿಡಸ್ ಎಂದು ಹೆಸರು, ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನ ಈ ಗೊಂದಲದಿಂದಲೇ ವೈದ್ಯರ ಸಂಘಟನೆಗಳು 2022ರಲ್ಲಿ ಹೆಸರು ಬದಲಿಸಲು ಹೇಳಿದವು. ಶುಗರ್ ಇಲ್ಲ, ನೀರಡಿಕೆ ಮಾತ್ರ ನಿಲ್ಲುತ್ತಿಲ್ಲ ಎಂದಾದರೆ ಡಾಕ್ಟರಿಗೆ ತಲೆಪೆಟ್ಟಿನ ವಿಷಯ ನೆನಪಿಸಿ.

ಮನೆಗೆ ಬಂದ ಮೇಲಿನ ಮಾತು ಬೇರೆ. ಅಮೆರಿಕದ ರಕ್ಷಣಾ ಇಲಾಖೆಯ ತಜ್ಞರು 2012ರಲ್ಲಿ ಸೇನಾ ವೈದ್ಯರಿಗೆ ಕೊಟ್ಟ ಸಲಹೆ ಇಲ್ಲಿ ಉಪಯುಕ್ತ. ಸೌಮ್ಯ ತಲೆಪೆಟ್ಟಾದ ಎಲ್ಲರನ್ನೂ ಪರೀಕ್ಷಿಸಿ ಎಂದು ಅವರು ಹೇಳಲಿಲ್ಲ. ಲಕ್ಷಣಗಳು 3 ತಿಂಗಳಾದರೂ ಹೋಗದಿದ್ದರೆ, ಅಥವಾ ಪೆಟ್ಟಾದ 36 ತಿಂಗಳೊಳಗೆ ಹೊಸದಾಗಿ ಕಾಣಿಸಿಕೊಂಡರೆ, ಹಾರ್ಮೋನ್ ಪರೀಕ್ಷೆ ಯೋಚಿಸಿ ಎಂದರು. ತೀವ್ರ ಪೆಟ್ಟಿನವರ ವಿಷಯ ಇನ್ನೂ ಸ್ಪಷ್ಟ. ಮೆದುಳಿನಲ್ಲಿ ರಕ್ತಸ್ರಾವವಾಗಿದ್ದರೆ, ಬುರುಡೆಯ ತಳ ಬಿರುಕು ಬಿಟ್ಟಿದ್ದರೆ, ದಿನಗಟ್ಟಲೆ ಐಸಿಯುನಲ್ಲಿದ್ದರೆ, 3ರಿಂದ 6 ತಿಂಗಳಿಗೆ ಒಮ್ಮೆ, ವರ್ಷಕ್ಕೆ ಇನ್ನೊಮ್ಮೆ ನೋಡುವುದು ಒಳ್ಳೆಯದೆಂದು ಬಹಳಷ್ಟು ತಜ್ಞರು ಹೇಳುತ್ತಾರೆ.

ಕಡೆಗಣಿಸಬಾರದ ಲಕ್ಷಣಗಳಲ್ಲಿ ಮೇಲಿನ ಹವಾಲ್ದಾರರದ್ದೆಲ್ಲ ಬಂತು. ಇನ್ನಷ್ಟು: ನಿಂತರೆ ತಲೆಸುತ್ತು, ಪದೇ ಪದೇ ವಾಕರಿಕೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತದಲ್ಲಿ ಸೋಡಿಯಂ ಕಡಿಮೆ ಬರುವುದು. ಸೋಡಿಯಂ ಪರೀಕ್ಷೆ ಅಗ್ಗದ್ದು. ತಲೆಪೆಟ್ಟಿನ ಹಿನ್ನೆಲೆ ಇರುವವರಲ್ಲಿ ಅದು ಮತ್ತೆ ಮತ್ತೆ ಕಡಿಮೆ ಬಂದರೆ ಉಪ್ಪು ಜಾಸ್ತಿ ತಿನ್ನಿ ಎಂದು ಕಳಿಸುವ ಮುಂಚೆ ಕಾರ್ಟಿಸೋಲ್ ನೋಡಬೇಕು. ಹೆಂಗಸರಲ್ಲಿ ಮುಟ್ಟು ನಿಂತುಹೋಗುವುದೇ ದೊಡ್ಡ ಸುಳಿವು. ಮಕ್ಕಳಿಗೆ ಪೆಟ್ಟಾಗಿದ್ದರೆ ಎತ್ತರ ಬೆಳೆಯುವುದು ನಿಂತಿತೇ, ಪ್ರಾಯ ತಡವಾಗುತ್ತಿದೆಯೇ ಎಂದು ಗಮನಿಸಬೇಕು.

"ಥೈರಾಯ್ಡ್ ಚೆಕ್ ಮಾಡಿಸೀವ್ರಿ, ನಾರ್ಮಲ್ ಅದ"

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸುಸ್ತು ಎಂದು ಹೋದವರಿಗೆ ಸಾಮಾನ್ಯವಾಗಿ ಬರೆದುಕೊಡುವುದು ಟಿಎಸ್‌ಎಚ್ ಪರೀಕ್ಷೆ ಒಂದನ್ನೇ. ಬಹುತೇಕ ಜನರಿಗೆ ಅದು ಸರಿಯೇ. ಆದರೆ ಟಿಎಸ್‌ಎಚ್ ಥೈರಾಯ್ಡ್ ಮಾಡುವ ಹಾರ್ಮೋನ್ ಅಲ್ಲ. ಥೈರಾಯ್ಡಿಗೆ "ಕೆಲಸ ಮಾಡು" ಎಂದು ಪಿಟ್ಯುಟರಿ ಕೂಗುವ ಕೂಗು ಅದು. ಕಟ್ಟಡದ ಕೆಲಸದಲ್ಲಿ ಕೂಲಿಯವರು ನಿಧಾನ ಮಾಡಿದರೆ ಮೇಸ್ತ್ರಿಯ ದನಿ ಏರುತ್ತದೆ. ಹಾಗೆಯೇ ಥೈರಾಯ್ಡ್ ಸೋತರೆ ಟಿಎಸ್‌ಎಚ್ ಏರುತ್ತದೆ, ಡಾಕ್ಟರಿಗೆ ಗೊತ್ತಾಗುತ್ತದೆ. ಆದರೆ ಮೇಸ್ತ್ರಿಗೇ ದನಿ ಬಿದ್ದುಹೋಗಿದ್ದರೆ? ಕೆಲಸ ನಿಂತಿರುತ್ತದೆ, ಕೂಗು ಮಾತ್ರ ಏರಿರುವುದಿಲ್ಲ. ರಿಪೋರ್ಟಿನಲ್ಲಿ ಟಿಎಸ್‌ಎಚ್ ನಾರ್ಮಲ್ ಎಂದೇ ಕಾಣಬಹುದು. ತಲೆಪೆಟ್ಟಾದವರಿಗೆ ಟಿಎಸ್‌ಎಚ್ ಜೊತೆಗೆ ಫ್ರೀ ಟಿ4 ಕೂಡ ನೋಡಲೇಬೇಕು.

ಇದೇ ತರ್ಕ ಲೈಂಗಿಕ ಹಾರ್ಮೋನಿಗೂ ಸಲ್ಲುತ್ತದೆ. ಟೆಸ್ಟೊಸ್ಟೆರಾನ್ ಕಡಿಮೆ ಇದ್ದಾಗ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಪಿಟ್ಯುಟರಿಯ ಆದೇಶಗಳು ಏರಬೇಕು. ಏರದೆ ಕಡಿಮೆ ಅಥವಾ ನಾರ್ಮಲ್ ಎಂದು ಉಳಿದರೆ ದೋಷ ಮೇಲಿದೆ.

ಮೊದಲ ಸುತ್ತಿನ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಇರುವುದು ಬೆಳಗಿನ ಕಾರ್ಟಿಸೋಲ್, ಟಿಎಸ್‌ಎಚ್, ಫ್ರೀ ಟಿ4, ಎಲ್‌ಎಚ್, ಎಫ್‌ಎಸ್‌ಎಚ್, ಗಂಡಸರಿಗೆ ಟೆಸ್ಟೊಸ್ಟೆರಾನ್, ಪ್ರೊಲ್ಯಾಕ್ಟಿನ್, ಐಜಿಎಫ್-1 ಮತ್ತು ಸೋಡಿಯಂ. ಬೆಳಗಿನ ಕಾರ್ಟಿಸೋಲ್ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಬಹುತೇಕ ಖಚಿತ, 15ಕ್ಕಿಂತ ಹೆಚ್ಚಿದ್ದರೆ ಕೊರತೆ ಇರುವ ಸಾಧ್ಯತೆ ಕಡಿಮೆ ಎಂದು 2016ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಡುವೆ ಬಂದರೆ ಇಂಜೆಕ್ಷನ್ ಕೊಟ್ಟು ಮತ್ತೆ ರಕ್ತ ತೆಗೆಯುವ ಎರಡನೇ ಹಂತದ ಪರೀಕ್ಷೆ ಬೇಕು. ಬೆಳವಣಿಗೆ ಹಾರ್ಮೋನಿಗೂ ಹೀಗೆಯೇ, ಐಜಿಎಫ್-1 ನಾರ್ಮಲ್ ಬಂದ ಮಾತ್ರಕ್ಕೆ ಕೊರತೆ ಇಲ್ಲವೆನ್ನಲು ಆಗದು. ಈ ಎರಡನೇ ಹಂತದಲ್ಲಿ ಇನ್ಸುಲಿನ್ ಕೊಟ್ಟು ಶುಗರ್ ಇಳಿಸಿ ನೋಡುವ ಒಂದು ವಿಧಾನವಿದೆ. ತಲೆಪೆಟ್ಟಿನ ನಂತರ ಫಿಟ್ಸ್ ಬಂದವರಿಗೆ ಅದು ಅಪಾಯ. ಫಿಟ್ಸ್ ಇದೆ ಎಂದು ಮೊದಲೇ ಹೇಳಿ, ಬೇರೆ ವಿಧಾನಗಳಿವೆ.

ರಕ್ತ ಕೊಡುವ ಮುಂಚೆ

ಕಾರ್ಟಿಸೋಲ್, ಟೆಸ್ಟೊಸ್ಟೆರಾನ್ ಎರಡೂ ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ. ರಕ್ತ ಕೊಡಬೇಕಾದದ್ದು 8ರಿಂದ 9 ಗಂಟೆಯ ನಡುವೆ, ಖಾಲಿ ಹೊಟ್ಟೆಯಲ್ಲಿ. ಔರಾದಿನಿಂದ ಬೆಳಗಿನ ಬಸ್ಸು ಹಿಡಿದು, ಬೀದರಿನಲ್ಲಿ ಚೀಟಿ ಮಾಡಿಸಿ, ಸಾಲಿನಲ್ಲಿ ನಿಂತು 12 ಗಂಟೆಗೆ ರಕ್ತ ಕೊಟ್ಟರೆ ಕಾರ್ಟಿಸೋಲ್ ಕಡಿಮೆ ಬಂದೇ ಬರುತ್ತದೆ. ಆ ರಿಪೋರ್ಟಿಗೆ ಅರ್ಥವಿಲ್ಲ. ಹಿಂದಿನ ದಿನವೇ ಡಾಕ್ಟರ ಚೀಟಿ ಪಡೆದು ರಾತ್ರಿ ಬೀದರಿನ ನೆಂಟರ ಮನೆಯಲ್ಲಿ ಉಳಿದುಕೊಳ್ಳುವುದು ಲೇಸು, ಅಥವಾ ನಿಮ್ಮ ಊರಲ್ಲೇ ಬೆಳಗ್ಗೆ ರಕ್ತ ತೆಗೆದು ಕಳಿಸುವ ಲ್ಯಾಬ್ ಇದ್ದರೆ ವಿಚಾರಿಸಿ. ರಕ್ತ ತೆಗೆದ ಸಮಯವನ್ನು ರಿಪೋರ್ಟಿನ ಮೇಲೆ ಬರೆಸಿಕೊಳ್ಳಿ.

ನಿವೃತ್ತ ಸೈನಿಕರಲ್ಲಿ ಬಹಳ ಜನ ಬ್ಯಾಂಕು, ಎಟಿಎಂ, ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯ ಕಾವಲು ಕೆಲಸ ಮಾಡುತ್ತಾರೆ. ರಾತ್ರಿಯಿಡೀ ಎಚ್ಚರವಿದ್ದವರ ದೇಹದ ಗಡಿಯಾರ ತಿರುಗಿರುತ್ತದೆ. ಅವರಿಗೆ ಬೆಳಗ್ಗೆ 8 ಎಂದರೆ ಮಲಗುವ ಹೊತ್ತು. ಇದನ್ನು ಡಾಕ್ಟರು ಕೇಳುವುದಿಲ್ಲ, ನೀವೇ ಹೇಳಬೇಕು.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಸ್ಟಿರಾಯ್ಡ್. ಮೈಕೈ ನೋವಿಗೆ, ದಮ್ಮಿಗೆ, ಅಲರ್ಜಿಗೆ ಊರಲ್ಲಿ ಹಾಕಿಸಿಕೊಳ್ಳುವ ಇಂಜೆಕ್ಷನ್ನಿನಲ್ಲಿ ಡೆಕ್ಸಾಮೆಥಾಸೋನ್ ಇರಬಹುದು, ಗುಳಿಗೆಯಲ್ಲಿ ಪ್ರೆಡ್ನಿಸೋಲೋನ್ ಇರಬಹುದು. ಹೆಸರಿಲ್ಲದ ಪೊಟ್ಟಣದ ಔಷಧಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಆಗಾಗ ಪತ್ತೆಯಾಗುತ್ತದೆ. ತಿಂಗಳುಗಟ್ಟಲೆ ಇವನ್ನು ತಗೊಂಡವರ ಪಿಟ್ಯುಟರಿ "ಹೊರಗಿನಿಂದ ಬರುತ್ತಿದೆಯಲ್ಲ" ಎಂದು ತನ್ನ ಆದೇಶ ನಿಲ್ಲಿಸಿಬಿಡುತ್ತದೆ. ಆಗ ಕಾರ್ಟಿಸೋಲ್ ಕಡಿಮೆ ಬರುವುದು ತಲೆಪೆಟ್ಟಿನಿಂದಲ್ಲ, ಇಂಜೆಕ್ಷನ್ನಿನಿಂದ. ಹಾಗೆಂದು ಓದಿದ ತಕ್ಷಣ ಸ್ಟಿರಾಯ್ಡ್ ನಿಲ್ಲಿಸಬೇಡಿ, ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಖಾಲಿ ಪೊಟ್ಟಣ, ಸೀಸೆ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಟ್ರಮಡಾಲ್‌ನಂಥ ನೋವಿನ ಗುಳಿಗೆ ದಿನಾ ನುಂಗುವವರಲ್ಲಿ ಟೆಸ್ಟೊಸ್ಟೆರಾನ್ ಇಳಿಯುತ್ತದೆ. ಕೂದಲಿಗೆಂದು ತಿನ್ನುವ ಬಯೋಟಿನ್ ಗುಳಿಗೆ ಲ್ಯಾಬಿನ ಯಂತ್ರವನ್ನೇ ಮೋಸಗೊಳಿಸುತ್ತದೆ.

ಕೊರತೆ ಇದೆ ಎಂದು ಖಚಿತವಾದರೆ

ಆಗ ಚಿಕಿತ್ಸೆ ಇದೆ. ಕಡಿಮೆಯಾದದ್ದನ್ನು ಹೊರಗಿನಿಂದ ಕೊಡುವುದು, ಅಷ್ಟೆ. ಆದರೆ ಕ್ರಮ ಮುಖ್ಯ: ಕಾರ್ಟಿಸೋಲ್ ಮೊದಲು, ಥೈರಾಯ್ಡ್ ಆಮೇಲೆ. ಕಾರ್ಟಿಸೋಲ್ ಕೊರತೆ ಇರುವವರಿಗೆ ಥೈರಾಯ್ಡ್ ಗುಳಿಗೆ ಮೊದಲು ಕೊಟ್ಟರೆ, ದೇಹ ಇದ್ದಬದ್ದ ಕಾರ್ಟಿಸೋಲನ್ನೂ ಬೇಗ ಖರ್ಚು ಮಾಡಿ ರೋಗಿ ಕುಸಿದುಬೀಳಬಹುದು. ಪಕ್ಕದ ಮನೆಯವರ ಥೈರಾಯ್ಡ್ ಗುಳಿಗೆ ಎರವಲು ತಂದು "ಸುಸ್ತಿಗೆ ಒಳ್ಳೆಯದಂತೆ" ಎಂದು ನುಂಗುವುದು ಇದಕ್ಕಾಗಿಯೇ ಅಪಾಯ.

ಕಾರ್ಟಿಸೋಲ್ ಬದಲಿಗೆ ಕೊಡುವುದು ಹೈಡ್ರೋಕಾರ್ಟಿಸೋನ್ ಗುಳಿಗೆ, ಸಾಮಾನ್ಯವಾಗಿ ದಿನಕ್ಕೆ 15ರಿಂದ 20 ಮಿಲಿಗ್ರಾಂ, ಎರಡು ಮೂರು ಪಾಲಾಗಿ. ಇದೂ ಸ್ಟಿರಾಯ್ಡೇ ಅಲ್ಲವೇ, ಮೂಳೆ ಸವೆಯುವುದಿಲ್ಲವೇ ಎಂದು ಮನೆಯವರು ಹೆದರಿ ನಿಲ್ಲಿಸುವುದುಂಟು. ದೇಹ ತಾನೇ ಮಾಡಬೇಕಾದಷ್ಟನ್ನು ಮಾತ್ರ ಕೊಡುವುದಕ್ಕೂ ನೋವಿಗೆಂದು ಮಿತಿಮೀರಿ ಹಾಕಿಸಿಕೊಳ್ಳುವುದಕ್ಕೂ ಅಜಗಜಾಂತರ. ಜ್ವರ ಬಂದರೆ ಈ ಗುಳಿಗೆಯನ್ನು ಎರಡು ಮೂರು ಪಟ್ಟು ಹೆಚ್ಚಿಸಬೇಕು, ಎಷ್ಟೆಂದು ಡಾಕ್ಟರಿಂದ ಮೊದಲೇ ಬರೆಸಿಕೊಂಡಿರಬೇಕು. ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ರೋಗಿ ಮಂಕಾದರೆ, ಬಿಪಿ ಇಳಿದರೆ, ಬೆಳಗಾಗಲಿ ಎಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಓಡಬೇಕು. ಅಲ್ಲಿ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಸಲೈನ್ ಕೊಟ್ಟರೆ ಜೀವ ಉಳಿಯುತ್ತದೆ. "ಇವರಿಗೆ ಕಾರ್ಟಿಸೋಲ್ ಕೊರತೆ ಇದೆ, ತುರ್ತಿನಲ್ಲಿ ಹೈಡ್ರೋಕಾರ್ಟಿಸೋನ್ ಕೊಡಿ" ಎಂದು ಬರೆದ ಚೀಟಿ ಜೇಬಿನಲ್ಲೂ, ಅದರ ಫೋಟೋ ಮೊಬೈಲಿನಲ್ಲೂ ಇರಲಿ.

ಟೆಸ್ಟೊಸ್ಟೆರಾನ್ ವಿಷಯದಲ್ಲಿ ಅವಸರ ಬೇಡ. ಒಂದು ಸಲ ಕಡಿಮೆ ಬಂದರೆ ಇನ್ನೊಂದು ಬೆಳಗ್ಗೆ ಮತ್ತೆ ನೋಡುತ್ತಾರೆ. ಜಾಹೀರಾತು ನೋಡಿ, ಜಿಮ್ಮಿನವರ ಮಾತು ಕೇಳಿ ಸ್ವಂತವಾಗಿ ಶುರುಮಾಡಿದರೆ ಉಳಿದಿದ್ದ ಪಿಟ್ಯುಟರಿಯ ಆದೇಶವೂ ನಿಂತು ವೀರ್ಯಾಣು ಕಡಿಮೆಯಾಗುತ್ತದೆ, ರಕ್ತ ಗಟ್ಟಿಯಾಗುತ್ತದೆ. ಮಕ್ಕಳು ಬೇಕೆನ್ನುವವರಿಗೆ ಬೇರೆ ಇಂಜೆಕ್ಷನ್‌ಗಳಿವೆ. ಬೆಳವಣಿಗೆ ಹಾರ್ಮೋನ್ ದುಬಾರಿ, ಹೆಚ್ಚಾಗಿ ದಿನಾ ಚುಚ್ಚಿಕೊಳ್ಳಬೇಕು, ಕ್ಯಾನ್ಸರ್ ಇರುವವರಿಗೆ ಕೊಡುವುದಿಲ್ಲ. ತಲೆಪೆಟ್ಟಾದವರಲ್ಲಿ ಇದರಿಂದ ನೆನಪು, ಮನಸ್ಥಿತಿ ಎಷ್ಟು ಸುಧಾರಿಸುತ್ತದೆ ಎಂಬುದಕ್ಕೆ ಇರುವ ಪುರಾವೆ ಇನ್ನೂ ತೆಳು. ಹಾರ್ಮೋನ್ ಸರಿಹೋದರೂ ಆಘಾತದ ನೆನಪು ಕಾಡುವುದು ನಿಲ್ಲಬೇಕೆಂದಿಲ್ಲ. ಅದರ ಚಿಕಿತ್ಸೆ ಜೊತೆಜೊತೆಗೇ ನಡೆಯಬೇಕು, ಮಾನಸಿಕ ಔಷಧವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು. ಎಲ್ಲ ರಿಪೋರ್ಟೂ ನಾರ್ಮಲ್ ಬಂದರೆ ಹಾರ್ಮೋನ್ ಬಿಟ್ಟು ಬೇರೆ ಕಾರಣ ಹುಡುಕುವ ದಾರಿ ತೆರೆಯಿತು ಎಂದುಕೊಳ್ಳಿ: ನಿದ್ದೆಯಲ್ಲಿ ಉಸಿರು ಕಟ್ಟುವುದು, ರಕ್ತಹೀನತೆ, ಬಿ12 ಕೊರತೆ, ಕುಡಿತ.

ಎಲ್ಲಿಗೆ ಹೋಗುವುದು, ಯಾವ ಕಾಗದ ಒಯ್ಯುವುದು

ಮೊದಲ ಹೆಜ್ಜೆಗೆ ದೊಡ್ಡ ಊರು ಬೇಕಿಲ್ಲ. ಭಾಲ್ಕಿ ಅಥವಾ ಔರಾದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್, ಸೋಡಿಯಂ, ರಕ್ತಹೀನತೆ ನೋಡಿಸಿ. ಅಲ್ಲಿಂದ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಮೆಡಿಸಿನ್ ವಿಭಾಗ. ಹಾರ್ಮೋನ್ ತಜ್ಞರನ್ನು ಎಂಡೋಕ್ರೈನಾಲಜಿಸ್ಟ್ ಎನ್ನುತ್ತಾರೆ, ಎರಡನೇ ಹಂತದ ಪರೀಕ್ಷೆಗೆ ಅವರೇ ಬೇಕು. ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಅಲ್ಲಿನ ನಿಮ್ಸ್‌ನಲ್ಲಿ ಈ ವಿಭಾಗವಿದೆ. ಹೆಸರು ಒಂದೇ ಥರ ಕೇಳಿಸುತ್ತದೆ, ಗೊಂದಲ ಬೇಡ: ನಿಮ್ಸ್ ಹೈದರಾಬಾದಿನದು, ನಿಮ್ಹಾನ್ಸ್ ಬೆಂಗಳೂರಿನದು. ಎರಡನೆಯದು ಮೆದುಳು, ಮನಸ್ಸಿನ ಚಿಕಿತ್ಸೆಗೆ.

ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ 2003ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇಸಿಎಚ್‌ಎಸ್ ಯೋಜನೆ ಇದೆ. ನಿಮ್ಮ ಕಾರ್ಡು ಸೇರಿರುವ ಪಾಲಿಕ್ಲಿನಿಕ್‌ನಲ್ಲಿ ತೋರಿಸಿ, ಅಲ್ಲಿಂದ ರೆಫರಲ್ ಪಡೆದು ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬಹುದು. ಬಿಎಸ್‌ಎಫ್, ಸಿಆರ್‌ಪಿಎಫ್ ನಿವೃತ್ತರ ವ್ಯವಸ್ಥೆ ಬೇರೆ, ಅವರು ತಮ್ಮ ಪಡೆಯ ಕಚೇರಿಯಲ್ಲಿ ಕೇಳಬೇಕು. ಪಾಲಿಕ್ಲಿನಿಕ್‌ನಲ್ಲಿ "ಸುಸ್ತು" ಎಂದಷ್ಟೇ ಹೇಳಿದರೆ ಟಾನಿಕ್ ಸಿಗುತ್ತದೆ. "ಇಂಥ ವರ್ಷ ಸ್ಫೋಟದಲ್ಲಿ ತಲೆಗೆ ಪೆಟ್ಟಾಗಿತ್ತು, ಇಷ್ಟು ಹೊತ್ತು ಎಚ್ಚರ ತಪ್ಪಿತ್ತು, ಆಮೇಲಿಂದ ಈ ತೊಂದರೆ, ಪಿಟ್ಯುಟರಿ ನೋಡಬೇಕಾ ಸಾಹೇಬ್ರೆ" ಎಂದು ಕೇಳಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಲೈಂಗಿಕ ತೊಂದರೆ ಹೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡಿ, ಅದಿಲ್ಲದೆ ಡಾಕ್ಟರಿಗೆ ಅರ್ಧ ಸುಳಿವೇ ಸಿಗುವುದಿಲ್ಲ.

ಕಾಗದದ ವಿಷಯ ಚಿಕಿತ್ಸೆಗೆ ಮಾತ್ರವಲ್ಲ, ಪಿಂಚಣಿಗೂ ಬೇಕು. ಅಮೆರಿಕದಲ್ಲಿ 2014ರ ಜನವರಿಯಿಂದ ಒಂದು ನಿಯಮವಿದೆ: ಸೇವೆಯಲ್ಲಿ ಮಧ್ಯಮ ಅಥವಾ ತೀವ್ರ ತಲೆಪೆಟ್ಟಾದವರಿಗೆ 12 ತಿಂಗಳೊಳಗೆ ಪಿಟ್ಯುಟರಿ ಹಾರ್ಮೋನ್ ಕೊರತೆ ಕಂಡರೆ ಅದನ್ನು ಆ ಪೆಟ್ಟಿನ ಪರಿಣಾಮವೆಂದೇ ಪರಿಗಣಿಸುತ್ತಾರೆ. ನಮ್ಮಲ್ಲಿ ಅಂಗವೈಕಲ್ಯ ಪಿಂಚಣಿಗೆ ಮೆಡಿಕಲ್ ಬೋರ್ಡ್ ಪ್ರತಿ ಪ್ರಕರಣವನ್ನೂ ನೋಡುತ್ತದೆ. ಧರಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಭರ್ತಿಯಾಗುವಾಗ ದಾಖಲಾಗದ ಕಾಯಿಲೆ ಸೇವೆಯಲ್ಲಿ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಮೊದಲಿಗೆ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಇಲಾಖೆಯದು ಎಂದಿತು. ಅವರ ಕಾಯಿಲೆ ಫಿಟ್ಸ್. 2023ರ ಸೆಪ್ಟೆಂಬರಿನಿಂದ ಹೊಸ ನಿಯಮಗಳು ಬಂದಿವೆ, ಯಾವುದು ಅನ್ವಯ ಎಂಬುದು ನೀವು ಸೇವೆ ಬಿಟ್ಟ ದಿನಾಂಕದ ಮೇಲೆ ನಿಂತಿದೆ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ತಿರಸ್ಕಾರವಾದರೆ ಬೆಂಗಳೂರಿನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠವಿದೆ.

ಆದ್ದರಿಂದ ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ ಆ ಕಪ್ಪು ಟ್ರಂಕು ತೆಗೆಯಿರಿ. ಡಿಸ್ಚಾರ್ಜ್ ಬುಕ್, ಪೆಟ್ಟಾದಾಗಿನ ಆಸ್ಪತ್ರೆಯ ಚೀಟಿ, ಗಾಯದ ವರದಿ, ಮೆಡಿಕಲ್ ಬೋರ್ಡಿನ ಕಾಗದ, ಹಳೆಯ ಸ್ಕ್ಯಾನ್ ಫಿಲಂ, ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಪ್ರತಿ ಹಾಳೆಯ ಫೋಟೋ ತೆಗೆದು ಮಗನ ಮೊಬೈಲಿಗೂ ಕಳಿಸಿ. ಮೂಲ ಕಾಗದವನ್ನು ಯಾರ ಕೈಗೂ ಬಿಟ್ಟು ಬರಬೇಡಿ, ಜೆರಾಕ್ಸ್ ಕೊಡಿ.